ಅಂಗಳಕ್ಕೆ ಏರುವ ದಾರಿ

ಬಾವಿಕಟ್ಟೆಯ ಬಿರುಕಿನ ವಿಷಯವಾಗಿ ಈ ಅಂಕಣದಲ್ಲಿ ಬರೆದ ಬಳಿಕ ಹಲವು ವಾಚಕರು ಕಾಗದ ಬರೆದು ಒಂದೇ ಪ್ರಶ್ನೆಯನ್ನು ಕೇಳಿದ್ದಾರೆ. ಗೇಟಿನಿಂದ ಮನೆಯಂಗಳದವರೆಗೆ ಹಾಕಿಸಿದ ಕಾಂಕ್ರೀಟು ದಾರಿ ಸವೆದು, ಜಲ್ಲಿ ಮೇಲೆದ್ದು, ಮಳೆಗಾಲದಲ್ಲಿ ಪಾಚಿಗಟ್ಟಿ ಕಾಲಿಡದಂತಾಗಿದೆ; ಅದರ ಮೇಲೆ ಒಂದು ಪದರ ಸಿಮೆಂಟು ಬಳಿಸಿಬಿಟ್ಟರೆ ಸಾಲದೆ ಎಂಬುದು ಅವರ ಜಿಜ್ಞಾಸೆ. ಸಾಲದು ಎಂದು ಹೇಳುವ ಅಧಿಕಾರ ನನಗೆ ಉಂಟು. ಹಾಗೆ ಬಳಿಸುವ ತಪ್ಪನ್ನು ನಾನೇ ಮಾಡಿದ್ದೇನೆ. ಅದರ ದಂಡವನ್ನು ತೆತ್ತವರು ಮಾತ್ರ ಬೇರೆಯವರು.

ಬೈತಖೋಲವನ್ನು ಕಾಣದವರಿಗಾಗಿ ಎರಡು ಮಾತು ಹೇಳಬೇಕು. ಕಾರವಾರ ಪೇಟೆಯ ದಕ್ಷಿಣಕ್ಕೆ, ಬಂದರಿನ ಮಗ್ಗುಲಲ್ಲಿ, ಗುಡ್ಡದ ಬುಡಕ್ಕೆ ಅಂಟಿಕೊಂಡಿರುವ ಊರು ಇದು. ಒಂದು ಕಡೆ ಮೀನು ದೋಣಿಗಳು ಒತ್ತೊತ್ತಾಗಿ ನಿಂತ ಧಕ್ಕೆ, ಇನ್ನೊಂದು ಕಡೆ ಕಾಡು ಹೊದ್ದ ಏರು. ನಡುವೆ ಸಿಕ್ಕ ಇಷ್ಟಗಲದ ಜಾಗದಲ್ಲಿ ಮನೆಗಳು ಒಂದರ ಹೆಗಲ ಮೇಲೊಂದು ಕುಳಿತಿವೆ. ನನ್ನ ಮನೆಯಂಗಳ ರಸ್ತೆಗಿಂತ ಒಂದೂವರೆ ಮೀಟರಿನಷ್ಟು ಎತ್ತರದಲ್ಲಿದೆ. ತಂದೆಯವರ ಕಾಲದಲ್ಲಿ ಚಿರೇಕಲ್ಲಿನ ಮೆಟ್ಟಿಲುಗಳನ್ನು ಹತ್ತಿ ಮನೆಗೆ ಬರುತ್ತಿದ್ದೆವು. ಮನೆಗೆ ಸ್ಕೂಟರು ಬಂದಾಗ ಮೆಟ್ಟಿಲುಗಳು ಹೋಗಿ, 12 ಮೀಟರು ಉದ್ದ, 3 ಮೀಟರು ಅಗಲದ ಕಾಂಕ್ರೀಟಿನ ಏರುದಾರಿ ಬಂತು. ಆ ದಿನ ತಂದೆಯವರು ಬೀದಿಯಲ್ಲಿ ನಿಂತು ಅದನ್ನು ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಧಕ್ಕೆಯನ್ನೇ ತಾವು ಕಟ್ಟಿಸಿದ್ದೇವೋ ಎಂಬಂಥ ನೋಟ.

ಇಂಥ ದಾರಿಯ ಮೇಲೆ ಆಗುವ ಅತ್ಯಾಚಾರ ಸಣ್ಣದಲ್ಲ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆಯಾಗುತ್ತದೆ. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು ನೀರು. ಹಾಗೆ ಲೆಕ್ಕ ಹಾಕಿದರೆ ನನ್ನ 36 ಚದರ ಮೀಟರಿನ ದಾರಿಯ ಮೇಲೆ ವರ್ಷವೊಂದಕ್ಕೆ ಬೀಳುವ ನೀರು 1,08,000 ಲೀಟರು. ಅದರ ಬಹುಭಾಗ ನಾಲ್ಕೇ ತಿಂಗಳಲ್ಲಿ. ಗುಡ್ಡದಿಂದ ಹರಿದು ಬಂದು ಸೇರುವ ನೀರು ಈ ಲೆಕ್ಕಕ್ಕೆ ಹೊರತು. ಸವೆಯದೆ ಇದ್ದರೆ ಅದೇ ಆಶ್ಚರ್ಯ.

ಸವೆಯಿತು. ಒಂದು ಚೌತಿ ಹಬ್ಬದ ಮುಂಚೆ, ನೆಂಟರು ಬರುವುದರೊಳಗೆ ದಾರಿ ಚೆಂದ ಕಾಣಲಿ ಎಂಬ ಅವಸರದಲ್ಲಿ, ಕೈಗೆ ಸಿಕ್ಕ ಗೌಂಡಿಯೊಬ್ಬನಿಗೆ ಕೆಲಸ ಒಪ್ಪಿಸಿದೆ. ಅವನು ಹಳೆಯ ದಾರಿಯನ್ನು ಗುಡಿಸಿ, ನೀರು ಚಿಮುಕಿಸಿ, ಅರ್ಧ ಅಂಗುಲದ ಗಾರೆ ಹಾಕಿದನು. ಗಾರೆಯ ಮೇಲೆ ನೀರು ಒಸರಿದಾಗ ಒಣ ಸಿಮೆಂಟನ್ನು ಹಿಡಿಹಿಡಿಯಾಗಿ ಚೆಲ್ಲಿ, ಕರಣೆಯಿಂದ ಕನ್ನಡಿಯಂತೆ ಉಜ್ಜಿದನು. ಬಿಸಿಲಿನಲ್ಲಿ ಅದು ಮಿರುಗುತ್ತಿತ್ತು. ನೆಂಟರು ಹೊಗಳಿದರು, ನಾನೂ ಅವನಿಗೆ ಕೂಲಿಯ ಮೇಲೆ ಇನಾಮು ಕೊಟ್ಟೆನು. ಆತನನ್ನು ಈಗ ದೂರಲಾರೆ. ನಾನು ಕೇಳಿದ್ದು ಚೆಂದವನ್ನು, ಅವನು ಕೊಟ್ಟದ್ದೂ ಚೆಂದವನ್ನೇ. ಎರಡು ಮಳೆಗಾಲ ಕಳೆಯುವುದರೊಳಗೆ ಆ ಪದರ ಹಪ್ಪಳದಂತೆ ಅಲ್ಲಲ್ಲಿ ಎದ್ದಿತು. ಏಳದೆ ಉಳಿದ ಕಡೆ, ನುಣುಪಾದ ಮೈಯ ಮೇಲೆ ಹಸುರು ಪಾಚಿ ಕುಳಿತಿತು.

ನಮ್ಮ ಮನೆಗೆ ಇಪ್ಪತ್ತು ವರ್ಷಗಳಿಂದ ಮೀನು ತರುವ ಹೆಂಗಸೊಬ್ಬರಿದ್ದಾರೆ. ನಮ್ಮ ಕಡೆ ಹಿರಿಯ ಹೆಂಗಸರನ್ನು ‘ಬಾಯಿ’ ಎಂದು ಕರೆಯುವುದು ರೂಢಿ. ನಾವೂ ಅವರನ್ನು ಹಾಗೆಯೇ ಕರೆಯುತ್ತೇವೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಷ್ಟೆ. ಆ ಎರಡು ತಿಂಗಳು ಬುಟ್ಟಿ ಬಹುಮಟ್ಟಿಗೆ ಬರಿದು. ಆಗಸ್ಟು ಬಂದು ದೋಣಿಗಳು ಹೊರಟವೆಂದರೆ ಬಾಯಿಯಂಥವರ ವರ್ಷ ಮೊದಲಾಗುವುದು ಅಲ್ಲಿಂದ. 2024ರ ಆಗಸ್ಟಿನ ಮೊದಲ ವಾರ, ಜಡಿಮಳೆಯ ನಡುವೆ, ತಲೆಯ ಮೇಲೆ ತುಂಬಿದ ಬುಟ್ಟಿ ಹೊತ್ತು ಬಾಯಿ ನಮ್ಮ ಏರು ಹತ್ತಿದರು. ಮುಕ್ಕಾಲು ದಾರಿ ಬಂದಾಗ ಕಾಲು ಜಾರಿತು. ಬಲಗೈ ಊರಿ ಬಿದ್ದರು. ಮಣಿಕಟ್ಟಿನ ಎಲುಬು ಮುರಿದಿತ್ತು. ಬಂಗಡೆಗಳು ದಾರಿಯುದ್ದಕ್ಕೂ ಜಾರಿ ಗೇಟಿನ ಬಳಿ ರಾಶಿಯಾದವು.

“ಮಾಸ್ತರೇ, ನಿಮ್ಮ ದಾರಿ ನನ್ನ ಮೀನಿಗಿಂತ ಹೆಚ್ಚು ಜಾರುತ್ತದೆ,” ಎಂದರು ಬಾಯಿ, ಆ ನೋವಿನಲ್ಲಿಯೂ.

ಆರು ವಾರ ಕೈಗೆ ಕಟ್ಟು ಬಿತ್ತು. ವರ್ಷದ ಅತ್ಯುತ್ತಮ ಆರು ವಾರ. ಆಸ್ಪತ್ರೆಯ ಖರ್ಚನ್ನು ನಾನು ಕೊಟ್ಟೆನು. ಹೋದ ವ್ಯಾಪಾರಕ್ಕೂ ಏನಾದರೂ ಕೊಡಹೋದಾಗ ಅವರು ತೆಗೆದುಕೊಳ್ಳಲಿಲ್ಲ. “ದಾರಿ ಸರಿ ಮಾಡಿಸಿ” ಎಂದಷ್ಟೇ ಹೇಳಿ ಮುಖ ತಿರುಗಿಸಿದರು. ದುಡ್ಡು ತೆಗೆದುಕೊಂಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅದೇ ವಾರ, ಆಗಸ್ಟ್ 7ರ ಬೆಳಗಾಗುವ ಮುನ್ನ, ಕೋಡಿಬಾಗ ಸದಾಶಿವಗಡಗಳ ನಡುವಿನ ಹಳೆಯ ಕಾಳಿ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು. ಚಾಲಕನನ್ನು ಜೀವಸಹಿತ ಎತ್ತಿದರು. ಸುಮಾರು ನಾಲ್ಕು ದಶಕ ನಾವೆಲ್ಲ ಓಡಾಡಿದ ಸೇತುವೆ ಅದು. ಅದರ ಮುಂದೆ ನನ್ನ ಅಂಗಳದ ದಾರಿ ಯಾವ ಲೆಕ್ಕ? ಆದರೂ ಆ ದಿನಗಳಲ್ಲಿ ಕಾರವಾರದವರೆಲ್ಲರೂ ತಮ್ಮ ತಮ್ಮ ಮನೆಯ ಕಾಂಕ್ರೀಟನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುವಂತಾಗಿದ್ದರು. ನಾನೂ ಬಡಿದೆನು. ಬಡಿಯುವುದು ಹೇಗೆಂದು ಕಲಿಸಿದವರು ಮಾತ್ರ ದೀಪಾವಳಿಯ ಬಳಿಕ ಬಂದ ಇನ್ನೊಬ್ಬ ಗೌಂಡಿ. ವಯಸ್ಸಾದವರು, ಮಾತು ಕಡಿಮೆ.

ಅವರು ಬಂದವರೇ ಸಾಮಾನಿನ ಪಟ್ಟಿ ಬರೆಸಲಿಲ್ಲ. ಒಂದು ಸುತ್ತಿಗೆ ಹಿಡಿದು ಮೇಲಿನಿಂದ ಕೆಳಗೆ ಅಡಿಗೆ ಅಡಿಯಾಗಿ ದಾರಿಯನ್ನು ಬಡಿಯುತ್ತ ಬಂದರು. ಗಟ್ಟಿಯಿದ್ದಲ್ಲಿ ‘ಠಣ್’ ಎಂಬ ಸದ್ದು. ಪದರ ಬಿಟ್ಟಿದ್ದಲ್ಲಿ ಒಡೆದ ಮಡಕೆಯ ಸದ್ದು. ಟೊಳ್ಳು ಇದ್ದ ಕಡೆಯೆಲ್ಲ ಇದ್ದಿಲಿನಿಂದ ಗೆರೆ ಎಳೆದರು. ಮೇಲಿನ 8 ಮೀಟರಿನಲ್ಲಿ ಟೊಳ್ಳು ಇದ್ದದ್ದು ಹೊಸ ಪದರದಲ್ಲಿ ಮಾತ್ರ. ಅದರಡಿಯ ಹಳೆಯ ಕಾಂಕ್ರೀಟು ಸವೆದಿದ್ದರೂ ಗಟ್ಟಿಯಾಗಿತ್ತು. ಕೆಳಗಿನ 4 ಮೀಟರಿನಲ್ಲಿ ಸದ್ದು ಬೇರೆಯೇ ಆಗಿತ್ತು, ಡೊಳ್ಳಿನಂತೆ ಆಳವಾಗಿ. ಅಲ್ಲಿ ಒಂದು ಮೂಲೆಯನ್ನು ಒಡೆಸಿ ನೋಡಿದರೆ ಕೆಳಗೆ ಮಣ್ಣೇ ಇಲ್ಲ! ಗುಡ್ಡದ ಕಡೆಯಿಂದ ಬಂದ ನೀರು ಗೋಡೆಯ ಬದಿಯಲ್ಲಿ ಇಳಿದು, ದಾರಿಯ ಅಡಿಗೆ ನುಗ್ಗಿ, ವರ್ಷವರ್ಷವೂ ಒಂದಿಷ್ಟು ಮಣ್ಣನ್ನು ಗಟಾರಕ್ಕೆ ಸಾಗಿಸಿತ್ತು. ತೋಳು ತೂರುವಷ್ಟು ಪೊಳ್ಳು. ಅದರ ಮೇಲೆ 75 ಮಿಲಿಮೀಟರಿನ ಹಾಸು ಸೇತುವೆಯಂತೆ ನಿಂತಿತ್ತು.

“ಮೊದಲು ಚರಂಡಿ, ಆಮೇಲೆ ದಾರಿ,” ಎಂದರು ಗೌಂಡಿ.

ವಾಚಕರು ಈ ಮಾತನ್ನು ದಯವಿಟ್ಟು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಲಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು ತೀರ್ಮಾನವಾಗದೆ ಮೇಲೆ ಏನು ಬಳಿದರೂ ವ್ಯರ್ಥ. ಅಂಗಳದ ತುದಿಯಲ್ಲಿ ಅಡ್ಡಕ್ಕೆ ಒಂದು ಕಾಲುವೆ, ಅದರಿಂದ ಗೋಡೆಯ ಬದಿಯಲ್ಲಿ ರಸ್ತೆಯ ಗಟಾರದವರೆಗೆ ಇನ್ನೊಂದು. ಕೆಲಸದ ಮೊದಲ ಐದು ದಿನ ಇದಕ್ಕೇ ಹೋಯಿತು. ಆ ಐದು ದಿನಗಳಲ್ಲಿ ದಾರಿಯ ಮೇಲೆ ಒಂದು ಬುಟ್ಟಿ ಸಿಮೆಂಟೂ ಬೀಳದಿರುವುದನ್ನು ಕಂಡು ಮನೆಯಲ್ಲಿ ನನ್ನ ಬುದ್ಧಿಯ ಬಗ್ಗೆ ಮಾತು ಎದ್ದಿತು.

ಇನ್ನು ಹಿಂದಿನ ಪದರ ಎದ್ದುದೇಕೆ ಎಂಬುದನ್ನು ಹೇಳಬೇಕು. ವಿದೇಶೀ ಪುಸ್ತಕಗಳಲ್ಲಿ ಕಾಂಕ್ರೀಟಿನ ಮೈ ಸುಲಿಯುವುದಕ್ಕೆ ಹಿಮವನ್ನು ದೂರುತ್ತಾರೆ. ಒಳಗೆ ಸೇರಿದ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ. ಹಿಮ ಕರಗಿಸಲು ಚೆಲ್ಲುವ ಉಪ್ಪು ಉಳಿದದ್ದನ್ನು ಕೆಡಿಸುತ್ತದೆ. ಬೈತಖೋಲದಲ್ಲಿ ಹಿಮ ಎಲ್ಲಿಂದ ಬರಬೇಕು? ನಮ್ಮಲ್ಲಿ ಆ ಕೆಲಸವನ್ನು ನಾವೇ ಮಾಡಿಕೊಳ್ಳುತ್ತೇವೆ. ಕಲಸುವಾಗ ನೀರು ಹೆಚ್ಚಾದರೆ ಜಲ್ಲಿ ಕೆಳಗೆ ಕೂರುತ್ತದೆ, ನೀರು ಮೇಲೆ ಒಸರುತ್ತದೆ, ತನ್ನೊಡನೆ ಸಿಮೆಂಟಿನ ನುಣ್ಣನೆಯ ಪುಡಿಯನ್ನೂ ತರುತ್ತದೆ. ಹಾಲಿನ ಕೆನೆಯಂತೆ ಕಾಣುವ ಆ ತೆಳು ಪದರಕ್ಕೆ ಶಕ್ತಿಯಿಲ್ಲ. ಅದರ ಮೇಲೆ ಒಣ ಸಿಮೆಂಟು ಚೆಲ್ಲಿ ಉಜ್ಜುವುದೆಂದರೆ ಕೊಳೆತ ಹಲಗೆಗೆ ಮೆರುಗೆಣ್ಣೆ ಹಚ್ಚಿದಂತೆ. ಮೇಲಾಗಿ, ಹಳೆಯ ದಾರಿಯ ಮೇಲಿದ್ದ ಪಾಚಿ, ಸ್ಕೂಟರಿನ ಎಣ್ಣೆ, ಪುಡಿಯಾದ ಕೆನೆ, ಇವೊಂದನ್ನೂ ತೆಗೆಯದೆ ಗಾರೆ ಹಾಕಿದ್ದರಿಂದ ಹೊಸದು ಹಿಡಿದದ್ದು ಕಲ್ಲನ್ನಲ್ಲ, ಕೊಳೆಯನ್ನು.

ಇಲ್ಲಿ ಒಂದು ತಮಾಷೆ ನೆನಪಾಗುತ್ತದೆ. ಸಿಮೆಂಟಿನ ಚೀಲದ ಮೇಲೆ ‘ಪೋರ್ಟ್‌ಲ್ಯಾಂಡ್’ ಎಂದು ಅಚ್ಚಾಗಿರುವುದನ್ನು ಓದಿ, ಇದು ಬಂದರಿನ ಊರುಗಳಿಗೆಂದೇ ಮಾಡಿದ ಸಿಮೆಂಟು, ಉಪ್ಪಿಗೆ ಜಗ್ಗದು ಎಂದು ನೆರೆಯವರೊಬ್ಬರು ನನಗೆ ಧೈರ್ಯ ಹೇಳಿದ್ದರು. ಆ ಹೆಸರಿಗೂ ಬೈತಖೋಲದ ಬಂದರಿಗೂ ಸಂಬಂಧವಿಲ್ಲ. 1824ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಗೌಂಡಿ ಜೋಸೆಫ್ ಆಸ್ಪ್‌ಡಿನ್ ಎಂಬಾತನು ಸುಣ್ಣಕಲ್ಲನ್ನೂ ಜೇಡಿಯನ್ನೂ ಸುಟ್ಟು ಮಾಡಿದ ತನ್ನ ಪುಡಿಗೆ, ಅದು ಗಟ್ಟಿಯಾದಾಗ ಪೋರ್ಟ್‌ಲ್ಯಾಂಡ್ ಎಂಬಲ್ಲಿಯ ಕಟ್ಟಡದ ಕಲ್ಲಿನಂತೆ ಕಾಣುತ್ತದೆಂದು ಆ ಹೆಸರಿಟ್ಟು ಹಕ್ಕುಪತ್ರ ಪಡೆದನು. ಉಪ್ಪಿಗೆ ಜಗ್ಗದಿರುವ ಗುಣ ಬೇಕಾದರೆ ಕಬ್ಬಿಣದ ಊದುಕುಲುಮೆಯ ಕಿಟ್ಟವನ್ನು ಅರೆದು ಬೆರೆಸಿದ ಸ್ಲ್ಯಾಗ್ ಸಿಮೆಂಟು ಮೇಲು. ನಾನು ತರಿಸಿದ್ದು ಅದನ್ನೇ.

ಉಪ್ಪಿನ ಮಾತು ಬಂದುದರಿಂದ ಉಸುಕು ಮತ್ತು ನೀರಿನ ಬಗ್ಗೆಯೂ ಹೇಳಿಬಿಡುತ್ತೇನೆ. ಕಡಲ ದಂಡೆಯ ಉಸುಕು ಸುಲಭವಾಗಿ ಸಿಕ್ಕುತ್ತದೆಂದು ರಾತ್ರಿ ಬುಟ್ಟಿ ಹಿಡಿದು ಹೋಗುವವರಿದ್ದಾರೆ. ಅದರಲ್ಲಿ ಉಪ್ಪಿದೆ, ಕಾಳುಗಳೆಲ್ಲ ಒಂದೇ ನಯ. ಅಳಿವೆಯ ಉಸುಕಿಗೂ ಭರತದ ನೀರಿನ ಉಪ್ಪು ತಗಲಿರುತ್ತದೆ. ಕಲ್ಲು ಅರೆದು ಮಾಡಿದ ಎಂ-ಸ್ಯಾಂಡ್ ನಮಗೆ ನಿರಾತಂಕ. ನೀರಿನ ವಿಷಯದಲ್ಲಿ ಭಾರತೀಯ ಮಾನಕ ಸಂಸ್ಥೆಯ 2000ದ ಐ.ಎಸ್. 456 ಸ್ಪಷ್ಟವಾಗಿದೆ: ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಮಿಗಿಂತ ಹೆಚ್ಚು ಕ್ಲೋರೈಡ್ ಇರಬಾರದು, ಕಬ್ಬಿಣವಿಲ್ಲದ್ದಕ್ಕೆ 2000 ಮಿಲಿಗ್ರಾಮಿನವರೆಗೆ ಸಲ್ಲುತ್ತದೆ. ಸಮುದ್ರದ ನೀರನ್ನು ಕಲಸಲಿಕ್ಕೂ ಬೇಡ, ಮೇಲೆ ಹನಿಸಲಿಕ್ಕೂ ಬೇಡ. ಬೇಸಗೆಯಲ್ಲಿ ನಮ್ಮ ಕೆಲವು ಬಾವಿಗಳು ಸವುಳಾಗುವುದರಿಂದ ಕುಡಿಯುವ ನೀರನ್ನೇ ಬಳಸಿದೆವು. ಪುಣ್ಯಕ್ಕೆ ನನ್ನ ದಾರಿಯೊಳಗೆ ಕಬ್ಬಿಣವಿರಲಿಲ್ಲ. ಯಾರ ದಾರಿಯಲ್ಲಿ ಬಿರುಕಿನ ಗುಂಟ ಕಂದು ಕಲೆ ಇಳಿದಿದೆಯೋ ಅವರ ರೋಗ ಬೇರೆ. ತುಕ್ಕು ಹಿಡಿದ ಕಬ್ಬಿಣ ತನ್ನ ಮೊದಲಿನ ಗಾತ್ರದ ಹಲವು ಪಟ್ಟು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಅಂಥಲ್ಲಿ ಕಬ್ಬಿಣದ ಹಿಂಬದಿಯವರೆಗೆ ಕೆತ್ತಿ ತೆಗೆಯದೆ ಗತಿಯಿಲ್ಲ. ಪಾಚಿ ತೆಗೆಯಲು ಆಸಿಡ್ ಸುರಿಯುವವರಿಗೂ ಇದೇ ಎಚ್ಚರಿಕೆ: ಅಂಗಡಿಯಲ್ಲಿ ಸಿಕ್ಕುವ ಆ ಆಸಿಡ್ ಹಿಂದೆ ಬಿಟ್ಟುಹೋಗುವುದು ಕ್ಲೋರೈಡನ್ನೇ.

ಕೆಳಗಿನ 4 ಮೀಟರನ್ನು ಪೂರ್ತಿ ಒಡೆದು ತೆಗೆದು, ಪೊಳ್ಳಿಗೆ ಚಿರೇಕಲ್ಲಿನ ಚೂರು ತುಂಬಿ ದಿಮ್ಮಸು ಹೊಡೆಸಿ, 125 ಮಿಲಿಮೀಟರು ದಪ್ಪಕ್ಕೆ ಹೊಸ ಕಾಂಕ್ರೀಟು ಹಾಕುವುದೆಂದೂ, ಮೇಲಿನ 8 ಮೀಟರಿನಲ್ಲಿ ಹಪ್ಪಳವನ್ನು ಕಿತ್ತು, ಗಟ್ಟಿ ಮೈಯ ಮೇಲೆ 50 ಮಿಲಿಮೀಟರಿನ ಹೊದಿಕೆ ಕೊಡುವುದೆಂದೂ ತೀರ್ಮಾನವಾಯಿತು. ಕರಾವಳಿಯಲ್ಲಿ ಕಬ್ಬಿಣವಿಲ್ಲದ ಕಾಂಕ್ರೀಟಿಗೂ ಎಂ-20ಕ್ಕಿಂತ ಕಡಿಮೆಯ ದರ್ಜೆ ಸಲ್ಲದೆಂಬುದು ಅದೇ ಮಾನಕದ ಮಾತು. ಒಂದು ಪಾಲು ಸಿಮೆಂಟಿಗೆ ಒಂದೂವರೆ ಉಸುಕು, ಮೂರು ಜಲ್ಲಿ. 50 ಕಿಲೋ ಚೀಲವೊಂದಕ್ಕೆ ನೀರು 25 ಲೀಟರಿಗೆ ಮೀರಬಾರದು. ಉಸುಕು ಹಸಿಯಿದ್ದರೆ ಅದರಲ್ಲಿರುವ ನೀರನ್ನೂ ಇದರಲ್ಲಿ ಕಳೆಯಬೇಕು. ಜಲ್ಲಿಯ ಗಾತ್ರ ಹೊದಿಕೆಯ ದಪ್ಪದ ಮೂರನೆಯ ಒಂದು ಪಾಲನ್ನು ದಾಟಕೂಡದಾದ್ದರಿಂದ ಮೇಲಿನ ಭಾಗಕ್ಕೆ 12 ಮಿಲಿಮೀಟರಿನ ಜಲ್ಲಿ ತರಿಸಿದೆವು. ಒಟ್ಟು ಕಾಂಕ್ರೀಟು 2.7 ಘನ ಮೀಟರು. ಸಿಮೆಂಟು 22 ಚೀಲ.

ಹಳೆಯ ಮೈಯನ್ನು ಸಿದ್ಧಪಡಿಸುವುದೇ ಎಲ್ಲಕ್ಕಿಂತ ದೊಡ್ಡ ಕೆಲಸ. ಎರಡು ದಿನ ಉಳಿ ಸುತ್ತಿಗೆಗಳ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಜಲ್ಲಿಯ ಕಣ್ಣುಗಳು ಕಾಣುವವರೆಗೆ ಕೆತ್ತಿ, ತಂತಿಯ ಬ್ರಶ್ಶಿನಿಂದ ಉಜ್ಜಿ, ತೊಳೆದು, ಹಿಂದಿನ ರಾತ್ರಿಯಿಡೀ ನೆನೆಯಿಸಿಟ್ಟು, ಬೆಳಿಗ್ಗೆ ಮೇಲೆ ನಿಂತ ನೀರನ್ನು ಮಾತ್ರ ಬಟ್ಟೆಯಿಂದ ಒರಸಿದರು. ಒಳಗೆ ನೀರುಂಡಿರಬೇಕು, ಮೇಲೆ ಹನಿ ನಿಂತಿರಬಾರದು, ಇಷ್ಟೇ ಸೂತ್ರ. ಒಣಗಿದ ಮೈ ಹೊಸ ಕಾಂಕ್ರೀಟಿನ ನೀರನ್ನು ಹೀರಿ ಅದನ್ನು ಸೊರಗಿಸುತ್ತದೆ. ನೀರು ನಿಂತ ಮೈಯ ಮೇಲೆ ಅಂಟು ಕೂರದು.

ಅಂಟಿನಿಂದಲೇ ಒಂದು ಪ್ರಮಾದ ನಡೆಯಿತು. ಸಿಮೆಂಟು ಮತ್ತು ಲೇಟೆಕ್ಸ್ ಬೆರೆಸಿದ ತೆಳ್ಳನೆಯ ಬಳಿತವನ್ನು ಹಳೆಯ ಮೈಗೆ ಬ್ರಶ್ಶಿನಿಂದ ತಿಕ್ಕಿ, ಅದು ಹಸಿಯಿರುವಾಗಲೇ ಮೇಲೆ ಕಾಂಕ್ರೀಟು ಸುರಿಯಬೇಕು. ಗೌಂಡಿಯ ಇಬ್ಬರು ಹುಡುಗರು ಉತ್ಸಾಹದಿಂದ 8 ಮೀಟರಿಗೂ ಒಂದೇ ಸಲ ಬಳಿದುಬಿಟ್ಟರು. ಹತ್ತು ಗಂಟೆಯ ಬಿಸಿಲು, ಕಡಲಿನಿಂದ ಗಾಳಿ. ಮೇಲಿನಿಂದ ಕಾಂಕ್ರೀಟು ಅರ್ಧ ಇಳಿಯುವುದರೊಳಗೆ ಕೆಳಗಿನ ಬಳಿತ ಬೆಳ್ಳಗೆ ಒಣಗಿತು. “ಒಣಗಿದ ಅಂಟು ಅಂಟಲ್ಲ, ನಡುವೆ ಹಾಸಿದ ಕಾಗದ,” ಎಂದು ಹೇಳಿ ಗೌಂಡಿ ಕೆಲಸ ನಿಲ್ಲಿಸಿ, ಒಣಗಿದ್ದಷ್ಟನ್ನೂ ಕೆರೆಸಿ ತೆಗೆಸಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ನನ್ನ ಮುಖದಲ್ಲಿತ್ತು, ಅರ್ಧ ದಿನದ ಕೂಲಿಯ ನೆನಪಿನಿಂದ. ಮರುದಿನ ಒಂದೊಂದು ಮೀಟರು ಬಳಿದು, ಬೆನ್ನಿಗೇ ಕಾಂಕ್ರೀಟು ಹಾಕಿ ಉಳಿದರ್ಧವನ್ನು ಮುಗಿಸಿದರು.

ಮೈಯನ್ನು ಮಟ್ಟಗೋಲಿನಿಂದ ಎಳೆದ ಮೇಲೆ ಕರಣೆ ಹಿಡಿಯಲು ಅವರು ಅವಸರಪಡಲಿಲ್ಲ. ಮೇಲೆ ಒಸರಿದ ನೀರು ತಾನಾಗಿ ಆರುವವರೆಗೆ ಕಟ್ಟೆಯ ಮೇಲೆ ಕುಳಿತು ಎಲೆಯಡಿಕೆ ಹಾಕಿದರು. ಬಳಿಕ ಒಂದೇ ಸಲ ಉಜ್ಜಿ, ತೆಂಗಿನ ಕಡ್ಡಿಯ ಪೊರಕೆಯನ್ನು ದಾರಿಗೆ ಅಡ್ಡವಾಗಿ, ಹಗುರವಾಗಿ ಎಳೆದರು. ಅಷ್ಟು ಚೆನ್ನಾಗಿ ಮಟ್ಟ ಮಾಡಿದ ಮೈಯ ಮೇಲೆ ಪೊರಕೆಯ ಗೀರುಗಳು ಮೂಡಿದಾಗ, ಹಬ್ಬದ ಚೆಂದಕ್ಕೆ ಒಗ್ಗಿದ ನನ್ನ ಕಣ್ಣಿಗೆ ನೋವಾದುದು ನಿಜ. ಬರಿಗಾಲು ಹಿಡಿಯುವುದು ಆ ಗೀರುಗಳನ್ನೇ. ಏರಿರುವ ದಾರಿಗೆ ಗೀರು ಅಡ್ಡವಾಗಿಯೇ ಇರಬೇಕು. ಉದ್ದಕ್ಕೆ ಎಳೆದರೆ ನೀರಿಗೆ ಹಾದಿ ಮಾಡಿಕೊಟ್ಟಂತೆ.

ಹಳೆಯ ದಾರಿಯಲ್ಲಿ ಎಲ್ಲೆಲ್ಲಿ ಸಂದು ಇತ್ತೋ ಅಲ್ಲಲ್ಲಿಯೇ ಹೊದಿಕೆಯನ್ನೂ ಪೂರ್ತಿ ಆಳಕ್ಕೆ ಕತ್ತರಿಸಬೇಕು. ಕೆಳಗಿನದು ಅಲುಗಿದಲ್ಲಿ ಮೇಲಿನದು ಒಡೆಯದೆ ಇರದು. ನಾವೇ ಗೆರೆ ಹಾಕಿಕೊಟ್ಟರೆ ನೆಟ್ಟಗೆ ಒಡೆಯುತ್ತದೆ, ಇಲ್ಲವಾದರೆ ತನ್ನಿಷ್ಟ ಬಂದಂತೆ. ಗೇಟಿನ ಕಡೆಯ ಹೊಸ ಭಾಗದಲ್ಲಿ ನಡುವೆ ಒಂದು ಸಂದು ಬಿಟ್ಟೆವು. ಮೇಲೆ, ತುಳಸಿಕಟ್ಟೆಯ ಎದುರಿಗೆ, ಓರೆಯಾಗಿ ಹೋಗುವ ಒಂದು ಹಳೆಯ ಬಿರುಕಿತ್ತು. ಅಲ್ಲಿಯೂ ಕತ್ತರಿಸೋಣವೇ ಎಂದು ಗೌಂಡಿ ಕೇಳಿದರು. ಅಂಗಳದ ಎದುರಿಗೆ ಓರೆ ಗೆರೆ ಅಸಹ್ಯವಾಗಿ ಕಾಣುತ್ತದೆಂದು ನಾನು ಬೇಡವೆಂದೆನು.

ಇನ್ನು ನೀರು ಉಣಿಸುವುದು. ಸಿಮೆಂಟು ‘ಒಣಗಿ’ ಗಟ್ಟಿಯಾಗುತ್ತದೆಂಬ ಭ್ರಾಂತಿ ನಮ್ಮ ಜನದಲ್ಲಿ ಬಲವಾಗಿದೆ. ಅದು ಗಟ್ಟಿಯಾಗುವುದು ನೀರಿನೊಡನೆ ಸೇರಿ. ನೀರು ಹೋದ ಕ್ಷಣ ಆ ಸಂಯೋಗ ನಿಲ್ಲುತ್ತದೆ. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಸ್ಲ್ಯಾಗ್ ಅಥವಾ ಹಾರುಬೂದಿ ಬೆರೆತದ್ದಕ್ಕೆ 10 ದಿನ ಸತತ ತೇವ ಬೇಕು. ಗೋಣಿತಾಟು ಹಾಸಿ, ಮೇಲೆ ತೆಂಗಿನ ಮಡಲು ಹೊದಿಸಿ, ಹಗಲು ರಾತ್ರಿ ನೀರು ಹನಿಸಿದೆವು. ಬಾಯಿಯ ಕೈಗೆ ಆರು ವಾರ ಕಟ್ಟು ಹಾಕಿದಾಗ ಯಾರೂ ವೈದ್ಯರೊಡನೆ ಚೌಕಾಶಿ ಮಾಡಲಿಲ್ಲ. ದಾರಿಗೆ ಹತ್ತು ದಿನವೆಂದರೆ ಮಾತ್ರ ಮನೆಮಂದಿಗೆಲ್ಲ ಅಂಗಡಿಗೆ ಹೋಗುವ ಕೆಲಸ ಬರುತ್ತದೆ! ಆ ಹತ್ತು ದಿನ ಹಿತ್ತಲ ಕಡೆಯ ಕಲ್ಲುಗಳನ್ನು ಹತ್ತಿ ಇಳಿದು ಓಡಾಡಿದೆವು. ಸ್ಕೂಟರನ್ನು ನಾಲ್ಕು ವಾರ ಬೀದಿಯಲ್ಲೇ ನಿಲ್ಲಿಸಿದೆವು.

ಒಡೆಯದೆ, ಕೆತ್ತದೆ, ಡಬ್ಬಿಯಿಂದ ತೆಗೆದು ಬಳಿಯುವ ತೆಳು ಹೊದಿಕೆಗಳು ಈಗ ಪೇಟೆಯಲ್ಲಿವೆಯಲ್ಲ ಎಂದು ಅಂಕೋಲೆಯ ವಾಚಕರೊಬ್ಬರು ಕೇಳಿದ್ದಾರೆ. ಇವೆ; ಕೆಲವು ಚೆನ್ನಾಗಿಯೂ ಇವೆ. ಕೆಳಗಿನ ಕಾಂಕ್ರೀಟು ಗಟ್ಟಿಯಾಗಿದ್ದು ಮೈ ಮಾತ್ರ ತರಿತರಿಯಾಗಿದ್ದರೆ 6ರಿಂದ 12 ಮಿಲಿಮೀಟರಿನ ಅಂಥ ಹೊದಿಕೆ ಸಾಕು, ಖರ್ಚೂ ಉಳಿಯಬಹುದು. ಆದರೆ ಅವಕ್ಕೂ ಮೈಯನ್ನು ಕೆರೆದು ತೊಳೆಯುವುದು ತಪ್ಪದು. ಸುತ್ತಿಗೆಯಿಂದ ಬಡಿದು ನೋಡುವ ಮುನ್ನ ಡಬ್ಬಿ ಕೊಳ್ಳಬೇಡಿರಿ.

2025ರ ಆಗಸ್ಟು ಬಂತು. ಬಾಯಿ ನಮ್ಮ ಮನೆಗೆ ಮೀನು ತರುವುದನ್ನು ನಿಲ್ಲಿಸಿರಲಿಲ್ಲ. ಗೇಟಿನ ಬಳಿ ನಿಂತು ಕೂಗುತ್ತಿದ್ದರು, ನಾವು ಇಳಿದು ಹೋಗಿ ಕೊಳ್ಳುತ್ತಿದ್ದೆವು. ಕೆಲಸ ಮುಗಿದ ಮೇಲೆಯೂ, ಬೇಸಗೆಯುದ್ದಕ್ಕೂ, ಅವರು ಮೇಲೆ ಬರಲಿಲ್ಲ. ನಾವೂ ಕರೆಯಲಿಲ್ಲ. ಆ ತಿಂಗಳ ಎರಡನೆಯ ವಾರ, ಸೂರಿನಿಂದ ನೀರು ಧಾರೆಗಟ್ಟಿ ಬೀಳುತ್ತಿದ್ದ ಒಂದು ಬೆಳಿಗ್ಗೆ, ಅವರು ಗೇಟು ತೆರೆದು ಬುಟ್ಟಿಯನ್ನು ತಲೆಯಿಂದ ಇಳಿಸಿ ಸೊಂಟಕ್ಕಿಟ್ಟುಕೊಂಡರು. ಬಲ ಅಂಗಾಲನ್ನು ಹೊಸ ಮೈಯ ಮೇಲಿಟ್ಟು ಎರಡು ಸಲ ತಿಕ್ಕಿ ನೋಡಿದರು. ಮತ್ತೆ ಬುಟ್ಟಿ ತಲೆಗೇರಿತು. ಅಂಗಳದವರೆಗೆ ಬಂದು, ಜಗಲಿಯ ಮೇಲೆ ಕುಳಿತು, ಒದ್ದೆಯಾದ ಸೆರಗಿನ ತುದಿ ಹಿಂಡಿದರು. ಬಲಗೈಯ ಮಣಿಕಟ್ಟು ಈಗಲೂ ತುಸು ಸೊಟ್ಟಗಿದೆ. ಬಂಗಡೆ ಎಣಿಸುವುದು ಎಡಗೈಯಿಂದ.

“ಇದೇನು ಮಾಸ್ತರೇ, ಆಗಲೇ ಒಡೆದಿದೆ?” ಎಂದರು, ತುಳಸಿಕಟ್ಟೆಯ ಕಡೆ ಗದ್ದ ತೋರಿಸಿ.

ಓರೆ ಬಿರುಕು ಬೇಸಗೆಯಲ್ಲಿಯೇ ಮೇಲೆ ಬಂದಿತ್ತು, ಹಳೆಯದು ಇದ್ದ ಜಾಗದಲ್ಲಿಯೇ, ಗೌಂಡಿ ಬೆರಳು ತೋರಿಸಿದ ಗೆರೆಯಲ್ಲಿಯೇ. ಅಡಿಯಿಂದ ಟೊಳ್ಳು ಸದ್ದು ಬರುತ್ತಿಲ್ಲವೆಂಬುದೇ ಸಮಾಧಾನ. ಮಳೆ ನಿಂತ ಮೇಲೆ ಅದರ ಗುಂಟ ನೆಟ್ಟಗೆ ಕೊರೆದು, ಹಿಗ್ಗುವ ಕುಗ್ಗುವ ಸೀಲು ತುಂಬಿಸಬೇಕು. ಗೌಂಡಿಗೆ ಹೇಳಿ ಕಳುಹಿಸಿದ್ದೇನೆ. ಬಾಯಿಗೆ ನಾನು ಉತ್ತರ ಹೇಳುವುದರೊಳಗೆ ಅವರು ಬಂಗಡೆಯ ದರ ಹೇಳಿಯಾಗಿತ್ತು. ಹಿಂದಿನ ವಾರಕ್ಕಿಂತ ಹೆಚ್ಚಿಗೆ. ಅಂದು ಚೌಕಾಶಿ ಮಾಡಲಿಲ್ಲ.